ಸೆರಗಿನ ಗಂಟಿನಲ್ಲಿ ಜೀಪಿನ ಚಾವಿ

ಅಕ್ಕನ ಜೀಪಿಗೆ ಎಂಜಿನ್ ಬದಲಿಸಿ ಆರತಿ ಮಾಡಿದ ಆ ಬೆಳಗನ್ನು ನಾನು ನಿಧಾನವಾಗಿಯೇ ನೆನೆಯಬೇಕು. ಅವಸರ ಮಾಡಿದರೆ ನೆನಪು ನೇರ ಬೆಂಕಿಯ ಮುಂದೆ ಹೋಗಿ ನಿಲ್ಲುತ್ತದೆ. ಅದಕ್ಕೂ ಮೊದಲು ನಕ್ಕಿದ್ದೆಲ್ಲ ಮರೆತುಹೋಗುತ್ತದೆ.

ಅಫಜಲಪುರದಲ್ಲಿ ಅಕ್ಕ ಖಡಕ್ ರೊಟ್ಟಿಯ ಕೆಲಸ ನಡೆಸುತ್ತಾಳೆ. ಓಣಿಯ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ. ಅಕ್ಕ ಅವನ್ನು ಬುಟ್ಟಿಗಳಲ್ಲಿ ಒಟ್ಟಿ, ತಾನೇ ಜೀಪು ಓಡಿಸಿಕೊಂಡು ಗಾಣಗಾಪುರದ ಲಾಡ್ಜುಗಳಿಗೆ ಮುಟ್ಟಿಸುತ್ತಾಳೆ. ಗುರುವಾರ ಅಲ್ಲಿ ಭಕ್ತರ ಗದ್ದಲ ಹೆಚ್ಚು. ಹಳೆಯ ಡೀಸೆಲ್ ಎಂಜಿನ್ ಕೈಕೊಟ್ಟ ವಾರ ಬುಟ್ಟಿಗಳನ್ನು ಬಸ್ಸಿಗೆ ಹಾಕಿ ನೋಡಿದ್ದಳು. "ಇದನ್ನ ಚಮಚಾದಿಂದ ತಿನ್ನಬೇಕೇನ್ರಿ?" ಎಂದು ಲಾಡ್ಜಿನ ಅಡುಗೆಯವನು ದಾರಿಯಲ್ಲಿ ಒಡೆದ ರೊಟ್ಟಿಯ ಚೂರುಗಳನ್ನು ತೋರಿಸಿದ್ದ. ಬರುವ ಗುರುವಾರ ಇಡೀ ರೊಟ್ಟಿ ಬರದಿದ್ದರೆ ಬೇರೆಯವರಿಗೆ ಹೇಳುತ್ತೇವೆ ಎಂದೂ ತಿಳಿಸಿದ್ದರು.

ಗಾಡಿ ರಿಪೇರಿ ಮಾಡುವ ಆಳಂದದ ಮಿಸ್ತ್ರಿ ಬಂದದ್ದು ಆಗ. ಗುಜರಿಗೆ ಹೋಗಬೇಕಾಗಿದ್ದ ಒಂದು ವ್ಯಾನಿನ ಪೆಟ್ರೋಲ್ ಎಂಜಿನ್ ಅವರ ಬಳಿ ಇತ್ತು. ಕಾರ್ಬುರೇಟರ್ ಇರುವ ಹಳೇ ಕಾಲದ ಎಂಜಿನ್.

"ಇದರಾಗ ಕಂಪ್ಯೂಟರ್ ಗಿಂಪ್ಯೂಟರ್ ಏನಿಲ್ಲ ಆಪಾ," ಎಂದರು ಅಕ್ಕನಿಗೆ. "ಗಾಳಿ, ಪೆಟ್ರೋಲ್, ಕಿಡಿ. ಮೂರೂ ಕೂಡಿದ್ರ ಗಾಡಿ ಓಡ್ತದ. ಬೇಫಿಕರ್ ಇರ್ರಿ."

ನಾನು ಜೇವರ್ಗಿಯ ಶಾಲೆಯಲ್ಲಿ ಕಲಿಸುವವಳು. ರಜೆಯೆಂದು ಅಕ್ಕನ ಮನೆಗೆ ಬಂದಿದ್ದೆ. ಕಟ್ಟೆಯ ಮೇಲೆ ಕುಳಿತು ಅವರ ಕೆಲಸ ನೋಡುವುದೇ ನನ್ನ ಹೊತ್ತು ಕಳೆಯುವ ದಾರಿಯಾಯಿತು. ಡೀಸೆಲ್ಲಿಗೆ ಕಿಡಿ ಬೇಡ, ಪೆಟ್ರೋಲಿಗೆ ಬೇಕು; ಹಾಗಾಗಿ ಕಿಡಿ ಹೊಡೆಸಲು ಹೊಸ ವೈರುಗಳನ್ನು ಎಳೆಯಬೇಕಿತ್ತು. ಕೆಂಪು, ಹಳದಿ, ಕರಿ ವೈರುಗಳನ್ನು ಮಿಸ್ತ್ರಿ ಒಂದರ ಪಕ್ಕ ಒಂದು ಜೋಡಿಸಿ, ಟೇಪು ಸುತ್ತಿ, ಎಂಜಿನ್ನಿನ ಬಿಸಿ ತಾಗದಂತೆ ಬದಿಗೆ ಕಟ್ಟಿದರು.

"ಜಡೀ ಹೆಣಿಯೋದು ಎಲ್ಲಿ ಕಲ್ತೀರಿ ಭಾಯಿ?" ಎಂದಳು ಅಕ್ಕ.

"ಮೂರು ಹೆಣ್ಣುಮಕ್ಕಳ ತಂದಿ ಇದ್ದೇನಿ ಆಪಾ. ರಿಬ್ಬನ್ ಒಂದು ಕಟ್ಟಿಲ್ಲ ನೋಡ್ರಿ."

ಜೀಪಿನ ಡೀಸೆಲ್ ಟಾಕಿಯನ್ನು ಇಳಿಸಿ ವಾಸನೆ ಹೋಗುವ ತನಕ ತೊಳೆದರು. ಡೀಸೆಲ್ ಎಂಜಿನ್ ಕುಡಿದು ಉಳಿದದ್ದನ್ನು ಟಾಕಿಗೆ ಮರಳಿಸುವ ಸಣ್ಣ ಪೈಪೊಂದಿತ್ತು. ಇನ್ನು ಬೇಡವೆಂದು ಅದರ ಬಾಯಿ ಮುಚ್ಚಿದರು. ವ್ಯಾನಿನ ಎಂಜಿನ್ನಿನದೇ ಪೆಟ್ರೋಲ್ ಪಂಪು ಜೀಪಿನ ಅಡಿಯ ಚೌಕಟ್ಟಿಗೆ ತಾಗುತ್ತಿತ್ತು. ಅದನ್ನು ತೆಗೆದು, ಯಾವುದೋ ಹೊಸ ಕಾರಿನ ಕರೆಂಟಿನ ಪಂಪು ಹಾಕಿದರು. ಚಾವಿ ತಿರುಗಿಸಿದರೆ ಸಾಕು, ಅದು ಗುಂಯ್ ಎನ್ನುತ್ತಿತ್ತು.

ಬುಧವಾರ ಬೆಳಿಗ್ಗೆ ಎಲ್ಲ ತಯಾರಾಯಿತು. ಬಾನೆಟ್ ತೆರೆದೇ ಇತ್ತು. ಮಿಸ್ತ್ರಿ ಚಾವಿ ತಿರುಗಿಸಿದರು. "ಕಾರ್ಬುರೇಟರ್ ತುಂಬಲಿ, ಆಮ್ಯಾಲೆ ಸೆಲ್ಫ್ ಹೊಡೀತೇನಿ."

"ಏ ತಡೀರಿ ಭಾಯಿ!" ಅಕ್ಕ ಒಳಗಿನಿಂದ ಕೂಗಿದಳು. "ಆರತಿ ಆಗೂತನಕ ಸೆಲ್ಫ್ ಹೊಡೀಬ್ಯಾಡ್ರಿ. ಹೊಸ ಎಂಜಿನ್ ಅದ."

"ಆಪಾ, ಇದು ನನಗಿಂತ ಹಳೇದದ."

"ನಮ್ಮನಿಗಿ ಹೊಸದಲ್ಲೇನು?"

ಮಿಸ್ತ್ರಿ ನಗುತ್ತ ಕೆಳಗಿಳಿದು, ಟೊಪ್ಪಿಗೆ ಸರಿಮಾಡಿಕೊಂಡು ಬದಿಗೆ ನಿಂತರು. ಚಾವಿ ತಿರುಗಿದಂತೆಯೇ ಉಳಿಯಿತು. ರೊಟ್ಟಿ ಬಡಿಯುತ್ತಿದ್ದವರೆಲ್ಲ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ನಿಂಬೆಹಣ್ಣು ಮುಂದಿನ ಗಾಲಿಗೋ ಹಿಂದಿನದಕ್ಕೋ ಎಂದು ವಾದ ಹತ್ತಿತು. ಅಷ್ಟು ಹೊತ್ತೂ ಪಂಪು ಗುಂಯ್‌ಗುಡುತ್ತಲೇ ಇತ್ತು. ಕುಡಿಯುವ ಎಂಜಿನ್ ಇನ್ನೂ ಮಲಗಿತ್ತು.

ಅಕ್ಕ ತೆರೆದ ಬಾನೆಟ್ಟಿನ ಮುಂದೆ ನಿಂತು ಕರ್ಪೂರ ಹಚ್ಚಿದಳು. ಆರತಿಯ ಮೊದಲ ಸುತ್ತಿನಲ್ಲಿ ನನಗೆ ಪೆಟ್ರೋಲ್ ವಾಸನೆ ಬಂತು. ಹೊಸ ಕೆಲಸವಲ್ಲವೇ, ಇರುತ್ತದೆ ಎಂದುಕೊಂಡೆ. ಎರಡನೆಯ ಸುತ್ತಿನಲ್ಲಿ ಎಂಜಿನ್ನಿನ ಬದಿ ಒದ್ದೆಯಾಗಿ ಹೊಳೆಯುವುದು ಕಂಡಿತು. ಕಾರ್ಬುರೇಟರ್ ತುಂಬಿ ಪೆಟ್ರೋಲ್ ಹೊರಗೆ ಚೆಲ್ಲಿ, ಜೀಪಿನ ಅಡಿಯ ಮಣ್ಣು ಕಪ್ಪಾಗಿತ್ತು.

"ಅಕ್ಕಾ, ಹಿಂದ ಸರಿ," ಎಂದೆ. ದನಿ ಸಣ್ಣಗೆ ಬಂತು.

"ಸುಮ್ನಿರು ಬೇ, ನಡುವ ಮಾತಾಡಬ್ಯಾಡ."

ಮೂರನೆಯ ಸುತ್ತು ಪೂರ್ತಿಯಾಗಲಿಲ್ಲ. ಭಪ್ ಎಂಬ ಸದ್ದಾಯಿತು. ತಟ್ಟೆ ಅಕ್ಕನ ಕೈಬಿಟ್ಟಿತು. ಬಾನೆಟ್ಟಿನ ಒಳಗೆ ನೀಲಿ ಉರಿ ಎದ್ದು, ಹಳದಿಯಾಗಿ, ಕೆಳಗೆ ಮಣ್ಣಿಗೂ ಇಳಿಯಿತು. ಅಕ್ಕ ಹಿಂದಕ್ಕೆ ಬಿದ್ದಳು. ಹೆಂಗಸರು ಅವಳನ್ನು ಎಳೆದುಕೊಂಡರು. ಮಿಸ್ತ್ರಿ ಪಕ್ಕದ ಮನೆಯ ಉಸುಕಿನ ರಾಶಿಗೆ ಓಡಿ ಬೊಗಸೆ ಬೊಗಸೆ ಎರಚತೊಡಗಿದರು. ಉರಿ ಕುಗ್ಗಿತು, ಮತ್ತೆ ಎದ್ದಿತು. ಕೂಗಾಟದ ನಡುವೆ ನನಗೆ ಕೇಳಿಸುತ್ತಿದ್ದುದು ಒಂದೇ: ಆ ಗುಂಯ್ ನಿಂತಿರಲಿಲ್ಲ. ನಾವು ಆರಿಸುತ್ತಿದ್ದೆವು, ಪಂಪು ಉಣಿಸುತ್ತಿತ್ತು. ಜೀಪಿನ ಬಾಗಿಲ ಕಡೆಯಿಂದ ಕೈಚಾಚಿ ಚಾವಿ ತಿರುಗಿಸಿದೆ. ಸದ್ದು ನಿಂತಿತು. ಉಸುಕು ಬಿದ್ದ ಕಡೆ ಉರಿ ಮತ್ತೆ ಏಳಲಿಲ್ಲ. ಉಳಿದದ್ದನ್ನು ಒದ್ದೆ ಗೋಣಿಚೀಲ ಮುಚ್ಚಿ ಆರಿಸಿದರು.

ಅಕ್ಕನ ಮುಂಗೈಯ ಕೂದಲು ಸುಟ್ಟಿದ್ದವು, ಚರ್ಮ ಕೆಂಪಾಗಿತ್ತು, ಬೇರೇನೂ ಆಗಿರಲಿಲ್ಲ.

"ನಿಂಬೆಹಣ್ಣು ಕಾಪಾಡ್ತು," ಎಂದಳೊಬ್ಬಳು.

"ಯಾವ ಗಾಲೀದು?" ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ನಗು ಅಳುವಿನ ಹತ್ತಿರವೇ ಇತ್ತು.

ಮಿಸ್ತ್ರಿ ನಗಲಿಲ್ಲ. "ಗಲತಿ ನಂದು ಆಪಾ. ಈ ಪಂಪು ಹೊಸ ಗಾಡೀದು, ದಬಾಯಿಸಿ ತಳ್ತದ. ಕಾರ್ಬುರೇಟರ್‌ಗೆ ಅಷ್ಟು ಜೋರು ತಡ್ಯಾಕ ಆಗೂದಿಲ್ಲ. ಹೆಚ್ಚಾದದ್ದು ಹಿಂದ ಹೋಗೋ ದಾರೀನೂ ನಾನೇ ಮುಚ್ಚೇನಿ."

"ನಾಳಿ ಗುರುವಾರ ಅದ ಭಾಯಿ," ಎಂದಳು ಅಕ್ಕ.

ಅವರು ಮೋಟಾರ್ ಸೈಕಲ್ ಹತ್ತಿ ಆಳಂದಕ್ಕೆ ಹೋಗಿ, ಮಧ್ಯಾಹ್ನ ಮೆಲ್ಲಗೆ ತಳ್ಳುವ ಬೇರೆ ಪಂಪು ತಂದರು. ಮುಚ್ಚಿದ್ದ ಪೈಪು ತೆರೆದರು. ಕರಕಲಾದ ವೈರುಗಳ ಜಡೆ ಬಿಚ್ಚಿ ಹೊಸದಾಗಿ ಹೆಣೆದರು. ಸೆಲ್ಫ್ ಹೊಡೆಯುವಾಗ ಮತ್ತು ಎಂಜಿನ್ ಓಡುವಾಗ ಮಾತ್ರ ಪಂಪು ನಡೆಯುವಂತೆ, ಎಂಜಿನ್ ನಿಂತರೆ ತಾನೂ ನಿಲ್ಲುವಂತೆ ವೈರು ಕೊಟ್ಟರು.

ಹೊತ್ತು ಮುಳುಗುವ ಮುಂಚೆ ಮಿಸ್ತ್ರಿ ಕೈ ಒರೆಸಿಕೊಂಡು ಬಂದರು. "ಈಗ ಸೆಲ್ಫ್ ಹೊಡೀಲೇನ್ರಿ?"

ಅಕ್ಕ ಅಲುಗಲಿಲ್ಲ. "ಆರತಿ ಅರ್ಧಕ್ಕ ನಿಂತದ."

ಮಿಸ್ತ್ರಿ ಕೊಂಚ ಯೋಚಿಸಿ, ಬಾನೆಟ್ ಮುಚ್ಚಿ, ಚಾವಿಯನ್ನು ಕಿತ್ತು ಅಕ್ಕನ ಮುಂದೆ ಹಿಡಿದರು. "ಮಾಡ್ರಿ ಆಪಾ. ಆದ್ರ ಇದನ್ನ ಸೆರಗಿನ್ಯಾಗ ಗಂಟು ಹಾಕ್ಕೋರಿ. ದೂರ ನಿಂದರ್ರಿ. ಕರ್ಪೂರ ಪೂರಾ ಆರಿದ ಮ್ಯಾಲೇ ಗಂಟು ಬಿಚ್ಚಬೇಕು."

ಅಕ್ಕ ಗಂಟು ಹಾಕಿಕೊಂಡು ಕಟ್ಟೆಯ ಮೇಲೆ ನಿಂತೇ, ಅಂಗಳದಾಚೆಯ ಜೀಪಿಗೆ ಆರತಿ ಎತ್ತಿದಳು. ಕರ್ಪೂರ ಆರಿತು. ತಟ್ಟೆಯನ್ನು ನಾನು ಮುಟ್ಟಿ ನೋಡಿದೆ, ಇನ್ನೊಮ್ಮೆ ಮುಟ್ಟಿ ನೋಡಿದೆ, ಆಮೇಲೆ ಒಳಗೆ ಒಯ್ದಿಟ್ಟೆ. ಅಕ್ಕ ಗಂಟು ಬಿಚ್ಚಿ ಚಾವಿ ಕೊಟ್ಟಳು. ಎಂಜಿನ್ ಎರಡು ಸಲ ಕೆಮ್ಮಿ ಚಾಲೂ ಆಯಿತು.

ಗುರುವಾರ ನಾನೂ ಜೀಪಿನಲ್ಲಿದ್ದೆ, ಮಡಿಲಲ್ಲೊಂದು ರೊಟ್ಟಿಬುಟ್ಟಿ. ದಾರಿಯುದ್ದಕ್ಕೂ ಮೂಸುತ್ತಲೇ ಇದ್ದೆ.

"ಏನು ಬೇ, ನಾಯಿಗತೆ?" ಎಂದಳು ಅಕ್ಕ.

"ಪೆಟ್ರೋಲ್ ವಾಸನಿ ಬರ್ತದೇನು ಅಂತ."

"ಬಂತೇನು?"

"ಇಲ್ಲ. ರೊಟ್ಟೀದೇ ಬರಾಕತ್ತದ."

ಲಾಡ್ಜಿನ ಅಡುಗೆಯವನು ಮೇಲಿನ ರೊಟ್ಟಿಯೊಂದನ್ನು ಎತ್ತಿ, ಬೆಳಕಿಗೆ ಹಿಡಿದು, ಸುತ್ತಲೂ ತಿರುಗಿಸಿ ನೋಡಿದ. ಎಲ್ಲೂ ಒಡೆದಿರಲಿಲ್ಲ. ಅಕ್ಕ ಚಾವಿಯನ್ನು ಸೆರಗಿಗೆ ಕಟ್ಟಿಕೊಂಡು ಮುಂದಿನ ಬುಟ್ಟಿ ಇಳಿಸಿದಳು.