ಬಾಲದಲ್ಲಿ ಗಾಲಿಯಿರುವ ವಿಮಾನ

ಬ್ಯಾಂಕಿನ ವರ್ಗಾವಣೆ ನನ್ನನ್ನು ಬೀದರಿನಿಂದ ನಾಸಿಕ್‌ಗೆ ತಂದು ಹಾಕಿ ಬಹಳ ವರ್ಷಗಳಾದವು. ನನ್ನ ಜೊತೆಗೆ ಬಂದವರೆಲ್ಲ ಇಲ್ಲಿ ಫ್ಲ್ಯಾಟು ಕೊಂಡರು. ನಾನು ಇಬ್ಬರು ಗೆಳೆಯರ ಜೊತೆ ಸೇರಿ ನನಗಿಂತ ವಯಸ್ಸಾದ ಒಂದು ವಿಮಾನ ಕೊಂಡೆ. ಅಕ್ಕಪಕ್ಕ ಎರಡೇ ಸೀಟು. ಉಕ್ಕಿನ ಕೊಳವೆಗಳ ಮೇಲೆ ಬಿಗಿದು ಬಣ್ಣ ಬಳಿದ ಬಟ್ಟೆಯೇ ಅದರ ಮೈ. ಮುಂದೆ ಎರಡು ಗಾಲಿ, ಬಾಲದ ತುದಿಯಲ್ಲಿ ಅಂಗೈಯಗಲದ ಇನ್ನೊಂದು. ಎಂಜಿನ್ ಶುರುವಾಗಬೇಕಾದರೆ ಒಬ್ಬರು ಮುಂದೆ ನಿಂತು ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಬೇಕು. ಪಿಂಪಳಗಾಂವ್ ಬಸವಂತ್ ಹತ್ತಿರ, ಆ ಗೆಳೆಯರಲ್ಲೊಬ್ಬನ ದ್ರಾಕ್ಷಿ ತೋಟದ ಪಕ್ಕ ವಿಮಾನ ಇಳಿಸಲು ಮಾಡಿಕೊಂಡ ಮಣ್ಣಿನ ಪಟ್ಟಿಯಲ್ಲಿ ಅದು ಇರುತ್ತದೆ.

ಅಂಥದ್ದೇನಿದೆ ಅದರಲ್ಲಿ ಎಂದು ಯಾರಾದರೂ ಕೇಳಿದರೆ ನನಗೆ ರೇಗುತ್ತದೆ. ನನಗೆ ರೇಗದ ವಿಷಯ ಕಡಿಮೆ, ಆ ಮಾತು ಬೇರೆ. ಈಗಿನ ವಿಮಾನಗಳು ಮೂಗಿನ ಕೆಳಗೆ ಗಾಲಿ ಇಟ್ಟುಕೊಂಡಿರುತ್ತವೆ. ನೆಲ ಮುಟ್ಟಿದ ಮೇಲೆ ಹೆಚ್ಚುಕಡಿಮೆ ತಾವಾಗಿಯೇ ನೆಟ್ಟಗೆ ಓಡುತ್ತವೆ. ನಮ್ಮದಕ್ಕೆ ಭಾರವೆಲ್ಲ ಗಾಲಿಗಳ ಹಿಂದೆ. ನೆಲದ ಮೇಲೆ ಓಡುವಾಗ ಅದರ ಬಾಲ ತಾನೇ ಮುಂದೆ ಬರಬೇಕೆಂದು ಸದಾ ಹೊಂಚು ಹಾಕುತ್ತಿರುತ್ತದೆ. ಕಾಲಡಿಯ ಎರಡು ಪೆಡಲುಗಳನ್ನು ಒತ್ತುತ್ತ ಬಿಡುತ್ತ ಅದನ್ನು ಹದ್ದುಬಸ್ತಿನಲ್ಲಿಡಬೇಕು. ಸ್ವಲ್ಪ ಮೈಮರೆತರೆ ಗಿರಕಿ ಹೊಡೆದು ರೆಕ್ಕೆ ಮುರಿದುಕೊಳ್ಳುತ್ತದೆ. ಬ್ಯಾಂಕಿನಲ್ಲಿ ಅರ್ಧ ಮನಸ್ಸಿನಿಂದಲೇ ದಿನ ದೂಡಬಹುದು. ನನ್ನ ಪೂರ್ತಿ ಮನಸ್ಸನ್ನು ಕೇಳುವುದು ಇದೊಂದೇ. ಅದಕ್ಕೇ ಅದರ ಮೇಲೆ ನನಗೆ ಇಷ್ಟು ಪ್ರೀತಿ.

ನನ್ನ ಹೆಂಡತಿ ಮಾತ್ರ ಅದನ್ನು "ನಿಮ್ಮ ಹಳೀ ಛತ್ರಿ" ಎಂದೇ ಕರೆಯುತ್ತಿದ್ದಳು. ನಾನು ಹಾರಲು ಹೋದ ದಿನ ಅವಳ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಕಳೆದ ದಸರೆಗೆ ಮುಂಚೆ ಒಂದು ದಿನ ಷರತ್ತು ಹಾಕಿದಳು.

"ಒಮ್ಮೆ ನಾನೂ ಕೂತು ನೋಡ್ತೀನಿ. ಇಳಿದ ಮ್ಯಾಲೆ ಬ್ಯಾಡ ಅಂದ್ರ ನಿಮ್ಮ ಪಾಲು ಮಾರಿಬಿಡಬೇಕು. ಮತ್ತ ಅದರ ಹೆಸರು ಎತ್ತಬಾರದು. ಆಗ್ತದೇನ್ರಿ?"

ಒಪ್ಪಿಕೊಂಡೆ. ಮಗಳೂ "ಪುರೇ ಆತಾ, ಪಪ್ಪಾ", ಇನ್ನು ಸಾಕು ಎಂದು ಮರಾಠಿಯಲ್ಲಿ ತಾಯಿಯ ಪರ ಮತ ಹಾಕಿದ್ದಳು. ಇನ್ನು ಬೇರೆ ದಾರಿ ಇರಲಿಲ್ಲ.

ಸಂಭಾಜಿನಗರ ಜಿಲ್ಲೆಯ ಕನ್ನಡ ಎಂಬ ಊರಿನ ಹೊರಗೆ ಪರಿಚಯದವರದೊಂದು ಮಣ್ಣಿನ ಪಟ್ಟಿ ಇದೆ. ಅಲ್ಲಿ ಇಳಿದು, ಜೀಪಿನಲ್ಲಿ ವೇರೂಳಕ್ಕೆ, ಅಂದರೆ ಎಲ್ಲೋರಾಕ್ಕೆ, ಹೋಗಿ ಶಿವನ ದರ್ಶನ ಮಾಡಿ, ಸಂಭಾಜಿನಗರದಲ್ಲಿ ಅವಳ ತಂಗಿಯ ಮನೆಯಲ್ಲಿ ಊಟ ಎಂದು ನಿಶ್ಚಯವಾಯಿತು. ಹೊರಡುವ ಮುಂಚೆ ಅವಳು ಹೊಸ ಸ್ಕೂಟರಿಗೆ ಮಾಡುವ ಹಾಗೆ ವಿಮಾನಕ್ಕೆ ಪೂಜೆ ಮಾಡಿದಳು. ಪ್ರೊಪೆಲ್ಲರಿಗೆ ಕುಂಕುಮ, ಗಾಲಿಗಳ ಕೆಳಗೆ ನಿಂಬೆಹಣ್ಣು. ಬಾಲದ ಪುಟ್ಟ ಗಾಲಿಯನ್ನೂ ಬಿಡಲಿಲ್ಲ. ತೆಂಗಿನಕಾಯಿಯನ್ನು ನಿವಾಳಿಸಿದಳು, ಆದರೆ ಒಡೆಯಲಿಲ್ಲ.

"ಇದು ಹರಕಿ ಕಾಯಿ. ವೇರೂಳದಾಗ ಒಡೀಬೇಕು."

ವಿಮಾನದೊಳಗೆ ಕಟ್ಟದ ಸಾಮಾನು ಇರಕೂಡದೆಂಬುದು ನನ್ನ ನಿಯಮ; ಉರುಳಿ ಪೆಡಲಿಗೆ ಅಡ್ಡ ಬಂದೀತೆಂದು ಅವಳಿಗೂ ಹೇಳಿದೆ. ಅವಳ ಚೀಲ, ನೀರಿನ ಬಾಟಲಿ ಎಲ್ಲವನ್ನೂ ಸೀಟಿನ ಹಿಂದೆ ಬಿಗಿದೆ. ಕಾಯಿಗೆ ಕೈ ಚಾಚಿದಾಗ ಅವಳು ಅದನ್ನು ಮಡಿಲಿಗೆ ಎಳೆದುಕೊಂಡಳು. "ದೇವರ ಕಾಯಿಗೂ ಹಗ್ಗ ಹಾಕ್ತೀರೇನು?" ಅಂದಳು. ಆ ದಿನ ಜಗಳ ಬೇಡವೆಂದು ಸುಮ್ಮನಾದೆ.

ಮೇಲೇರಿದ ಮೇಲೆ ಸ್ವಲ್ಪ ಹೊತ್ತು ಎಲ್ಲ ಸರಿಯಾಗಿತ್ತು. ಈರುಳ್ಳಿ ಹೊಲಗಳನ್ನು ನೋಡಿ ಅವಳು ನಕ್ಕಳು ಕೂಡ. ಆಮೇಲೆ ಎದುರುಗಾಳಿ ಬಲವಾಯಿತು. ಮುಂದಿನ ಗಾಜಿನಾಚೆ ಇರುವ ನಮ್ಮ ಪೆಟ್ರೋಲ್ ಟ್ಯಾಂಕಿನ ಮುಚ್ಚಳದಿಂದ ಒಂದು ತಂತಿ ಹೊರಗೆ ಚಾಚಿರುತ್ತದೆ. ಪೆಟ್ರೋಲ್ ಇಳಿದಂತೆ ತಂತಿಯೂ ಇಳಿಯುತ್ತದೆ. ಅದು ನಾನು ಲೆಕ್ಕ ಹಾಕಿದ್ದಕ್ಕಿಂತ ಬೇಗ ಇಳಿಯುತ್ತಿತ್ತು. ಗುಡ್ಡಗಳ ಹತ್ತಿರ ವಿಮಾನ ದಡಬಡ ಕುಲುಕತೊಡಗಿತು. ಅವಳು ಎರಡೂ ಕೈಗಳಿಂದ ಸೀಟು ಹಿಡಿದುಕೊಂಡು ಕಣ್ಣು ಮುಚ್ಚಿದಳು. ನಾನು ತಂತಿಯನ್ನೇ ನೋಡುತ್ತಿದ್ದೆ.

ಪಟ್ಟಿ ಕಂಡಾಗ ಗಾಳಿ ಎಡದಿಂದ ಅಡ್ಡಲಾಗಿ ಹೊಡೆಯುತ್ತಿತ್ತು. ಅಂಥ ಹೊತ್ತಿನಲ್ಲಿ ಮೂಗನ್ನು ಗಾಳಿಯ ಕಡೆ ಓರೆ ಮಾಡಿಕೊಂಡು ಇಳಿಯುತ್ತ ಬಂದು, ನೆಲ ಮುಟ್ಟುವ ಮುಂಚೆ ಬಲ ಪೆಡಲ್ ಒತ್ತಿ ನೆಟ್ಟಗೆ ಮಾಡಿಕೊಳ್ಳಬೇಕು. ಒತ್ತಿದೆ. ಪೆಡಲ್ ಅರ್ಧಕ್ಕೇ ನಿಂತಿತು. ಇನ್ನಷ್ಟು ಜೋರಾಗಿ ಒತ್ತಿದೆ. ಅಡಿಯಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಎಂಜಿನ್ ಪೂರ್ತಿ ಕೊಟ್ಟು ಮತ್ತೆ ಮೇಲೆತ್ತಿದೆ.

"ಕಾಯಿ ಎಲ್ಲದ?"

ಅವಳು ಮಡಿಲು ನೋಡಿಕೊಳ್ಳಲಿಲ್ಲ, ನನ್ನನ್ನು ನೋಡಿದಳು. "ಬಿದ್ದದರಿ. ಗುಡ್ಡದ ಹತ್ರನ ಬಿತ್ತು."

"ಆಗಲೇ ಹೇಳಾಕ ಏನಾಗಿತ್ತು ನಿನಗ?"

ಉತ್ತರ ಕೇಳುತ್ತ ಕೂರಲು ಪುರುಸೊತ್ತಿರಲಿಲ್ಲ. ತಂತಿ ಮುಚ್ಚಳದ ಹತ್ತಿರ ಬಂದು ಕುಣಿಯುತ್ತಿತ್ತು. ಇನ್ನೊಂದೇ ಸುತ್ತಿಗೆ ಸಾಲುವಷ್ಟು ಪೆಟ್ರೋಲ್ ಇದ್ದೀತು. ಬೆಲ್ಟ್ ಬಿಚ್ಚಿ ಬಗ್ಗು ಅಂದೆ. ಅವಳು ಬಗ್ಗಿ, ನನ್ನ ಮೊಣಕಾಲಿನ ಪಕ್ಕ ತಲೆ ತೂರಿಸಿ ಕೈ ಹಾಕಿದಳು.

"ಸಿಕ್ಕದ. ಬರವಲ್ದು."

"ನಾ ಎಡದ್ದು ಒತ್ತತೀನಿ, ಬಲದ್ದು ಹಿಂದ ಬರ್ತದ. ಆಗ ಎಳಿ."

ಎಡ ಒತ್ತಿದೆ. ವಿಮಾನ ಮೂಗು ತಿರುಗಿಸಿ ಪಕ್ಕಕ್ಕೆ ಜಾರಿತು, ಗಾಳಿ ಬಾಗಿಲಿಗೆ ಬಡಿಯಿತು. ಕೆಳಗಿಂದ ಅವಳು ನರಳಿದ್ದು ಕೇಳಿಸಿತು. ಆಮೇಲೆ "ಬಂತರಿ" ಅಂದಳು. ಬಲ ಪೆಡಲ್ ಕೊನೆಯವರೆಗೆ ಹೋಯಿತು.

ಆ ಹೊತ್ತಿಗೆ ನಾನು ಪಟ್ಟಿಯ ಕಡೆ ಹೊರಳಿದ್ದೆ. "ಏಳಬ್ಯಾಡ, ತಲಿ ಸ್ಟಿಕ್ಕಿಗೆ ಬಡೀತದ. ಹಂಗೇ ಇರು" ಎಂದು ಕೂಗಿದೆ. ವಿಮಾನ ನಡೆಸುವ ಆ ಕೋಲು ನನ್ನ ಮೊಣಕಾಲುಗಳ ನಡುವೆಯೇ ಇತ್ತು. ಅವಳು ಕಾಯಿ ಅವುಚಿಕೊಂಡು ನನ್ನ ಕಾಲಬಳಿ ಮುದುಡಿ ಕೂತಳು. ಅವಳಿಗೆ ಆಕಾಶವೂ ಇಲ್ಲ, ನೆಲವೂ ಇಲ್ಲ. ಬೆಲ್ಟೂ ಇಲ್ಲ. ವಿಮಾನ ಮಗುಚಿದರೆ ನಾನು ಉಳಿದು ಅವಳು ಹೋಗುತ್ತಾಳೆ ಎಂಬ ಯೋಚನೆ ಬಂತು. ಅದನ್ನು ಅಲ್ಲೇ ತಳ್ಳಿದೆ. ಎಡಗಾಲಿ ಮುಟ್ಟಿತು, ಬಲಗಾಲಿ ಮುಟ್ಟಿತು. ಬಾಲ ಇಳಿಯುವಾಗ ಗಾಳಿ ಅದನ್ನು ಹಿಡಿದು ಎಳೆಯಿತು. ಬಲ, ಎಡ, ಮತ್ತೆ ಬಲ. ನನ್ನ ಕಾಲುಗಳೇ ಏನು ಮಾಡಬೇಕೋ ಮಾಡಿದವು. ಪಟ್ಟಿಯ ಅಂಚಿನ ಕಲ್ಲುಗಳ ಹತ್ತಿರ ವಿಮಾನ ನಿಂತಿತು.

ಎಂಜಿನ್ ಆರಿಸಿದೆ. ಅವಳು ನಿಧಾನವಾಗಿ ಎದ್ದು ಕೂತಳು. ಬೆರಳುಗಳ ಗೆಣ್ಣು ಕಿತ್ತು ರಕ್ತ ಬಂದಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ.

"ನೀ ಹೇಳೂದು ಬ್ಯಾಡ. ಮಾರ್ತೀನಿ" ಅಂದೆ.

"ಮಾರಬ್ಯಾಡ್ರಿ."

ನನಗೆ ನಂಬಿಕೆ ಬರಲಿಲ್ಲ.

"ಅಲ್ಲಿ ಕೂತು ನಿಮ್ಮ ಕಾಲು ಅಷ್ಟ ನೋಡಿದೆ. ಒಂದು ಗಳಿಗಿ ಸುಮ್ಮನಿರಲಿಲ್ಲ. ಈ ಛತ್ರಿ ಎಳಿಯಷ್ಟು ಸರಿದರೂ ನಿಮಗ ತಿಳೀತದ. ಇಷ್ಟು ಕಾಳಜಿ ಮಾಡವರ ಕೈಯಾಗಿಂದ ಇದನ್ನ ಯಾಕ ಕಸ್ಕೋಬೇಕು?" ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಆಗಲೇ ಯಾಕ ಹೇಳಲಿಲ್ಲ ಅಂತ ಕೇಳಿದ್ರಲ್ಲ. ಕಾಯಿ ಬಿದ್ದದ್ದು ಗೊತ್ತಿತ್ತು. ಕಾಲಾಗ ಹೋದ್ರ ಏನಾಗ್ತದ ಅಂತನೂ ಗೊತ್ತಿತ್ತು. ನೀವು ಬೈತೀರಿ ಅಂತ ಬಾಯಿ ಬಿಡಲಿಲ್ಲ. ಸಾಯೂದಕ್ಕಿಂತ ಅದಕ್ಕ ಹೆಚ್ಚು ಅಂಜಿದೆ."

ಹೇಳುವಾಗ ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಾನು ಸುತ್ತಿ ಬಂದು ಅವಳ ಕಡೆಯ ಬಾಗಿಲು ತೆಗೆದು ಕೈ ಚಾಚಿದೆ. ಅವಳು ಹಿಡಿಯದೆ ತಾನೇ ಇಳಿದಳು.