ನೆಳ್ಳು ತಪ್ಪಿಸುವ ಮನ್ಮಥಪ್ಪ

ಭಾಲ್ಕಿಯ ವೈರಿಂಗ್ ಮನ್ಮಥಪ್ಪ ಯಾರ ಮನೆಗೆ ದೀಪ ಹಾಕಲು ಹೋದರೂ ಮೊದಲು ಛತ್ತಿನ ಕಡೆ ನೋಡುವವನೇ ಅಲ್ಲ. ಒಲೆಯ ಮುಂದೆ ನಿಂತು ಬರಿಗೈಲೇ ರೊಟ್ಟಿ ಬಡಿಯುತ್ತಾನೆ, ಕನ್ನಡಿಯೆದುರು ಇಲ್ಲದ ಮೀಸೆ ತೀಡುತ್ತಾನೆ, ಮಂಚದ ಮೇಲೆ ಅಂಗಾತ ಬಿದ್ದು ಕಣ್ಣು ಪಿಳುಕಿಸುತ್ತಾನೆ. "ನಿಮ್ಮ ನೆಳ್ಳು ನಿಮ್ಮ ಕೆಲಸದ ಮ್ಯಾಗ ಬೀಳಬಾರದ್ರಿ" ಅನ್ನುವುದೊಂದೇ ಅವನ ಮಂತ್ರ. ಹೊಸ ಮನೆಗೆ ಬಂದಾಗಿನಿಂದ ಅಂಗೈಯ ಲಿಂಗ ದಿಟ್ಟಿಸುವ ಪೂಜೆಯಲ್ಲಿ ಮನಸ್ಸು ನಿಲ್ಲದೆ ಕಂಗೆಟ್ಟಿದ್ದ ವಿಮಲಾಬಾಯಿಗೂ ಈ ನಾಟಕ ಕಂಡು ನಗು ಬಂತು. ಅವನು ಪೂಜೆಯ ಕೋಣೆಗೆ ಬಂದವನೇ, ಎದುರಿಗೇ ಕಣ್ಣು ಕುಕ್ಕುತ್ತಿದ್ದ ಟ್ಯೂಬ್‌ಲೈಟು ಕಳಚಿ, ಪೂಜೆಗೆ ಕೂಡುವ ಅವಳ ಹೆಗಲ ಹಿಂದೆ ಓರೆಯಾಗಿ ಸಣ್ಣ ಬಲ್ಬೊಂದನ್ನು ಕೂಡಿಸಿದ. "ಈಗ ಲಿಂಗ ಹಿಡದು ನೋಡ್ರಿ, ಅವ್ವಾ." ಎಡ ಅಂಗೈಯ ಕರಿ ಇಷ್ಟಲಿಂಗದ ನಡುವೆ ಸಾಸಿವೆಯಷ್ಟು ಬೆಳಕು ಮೂಡಿ, ಅಲುಗದೆ ನಿಂತಿತು. ವಿಮಲಾಬಾಯಿ ರೆಪ್ಪೆ ಬಡಿಯಲಿಲ್ಲ. ಮನ್ಮಥಪ್ಪ ತನ್ನ ನೆಳ್ಳೂ ಆ ಬೆಳಕಿಗೆ ಅಡ್ಡ ಬರದಂತೆ ನಡು ಬಗ್ಗಿಸಿ, ಗೋಡೆಗೆ ಅಂಟಿಕೊಂಡೇ ಹೊರಗೆ ಸರಿದ.