ಮೊದಲ ಸಾಲಿನ ತಕರಾರು

ಡಬಲ್ ಕ್ಲಿಕ್ ಮಾಡಿದೆ. ಕಪ್ಪು ವಿಂಡೋ ಒಂದು ಬಂದ ಹಾಗೆ ಮಾಡಿ ಮಾಯವಾಯಿತು. ಅಂಗಡಿ ಮುಂದಿನ ಟಿವಿಯಲ್ಲಿ ನಿನ್ನೆಯ ಸೋಯಾಬೀನ್ ದರವೇ ಹಾಯಾಗಿ ಕೂತಿತ್ತು.

ನಿಲಂಗಾ ಮಾರ್ಕೆಟ್‌ನಲ್ಲಿ ನಮ್ಮದು ಅಡತಿ ಅಂಗಡಿ. ರೈತರು ತಂದ ಕಾಳನ್ನು ಸೌದಾಕ್ಕೆ, ಅಂದರೆ ಹರಾಜಿಗೆ, ಹಚ್ಚುವ ವ್ಯಾಪಾರ.

ಉದಗೀರದಿಂದ ಸೊಸೆಯಾಗಿ ಬಂದ ನಾನು ಅಲ್ಲಿ ಕುರ್ಚಿ ಹಾಕಿಕೊಂಡು ಕೂತ ಮೊದಲ ಹೆಣ್ಣು. ಅದಕ್ಕೂ ಮಾವನವರ ಶರತ್ತಿತ್ತು. ಸೌದಾ ಮುಗಿದ ಕೂಡಲೇ ಹೊಸ ದರ ಟಿವಿ ಮೇಲೆ ಬರಬೇಕು. ಬರದಿದ್ದರೆ ನಾನು ಅಡುಗೆಮನೆಗೆ, ಹಲಗೆ ಮೇಲೆ ದರ ಬರೆಯುವ ಸೀಮೆಸುಣ್ಣ ಮತ್ತೆ ಮೈದುನನ ಕೈಗೆ.

ಅದಕ್ಕೆಂದೇ ಒಂದು ಶೆಲ್ ಸ್ಕ್ರಿಪ್ಟ್ ಬರೆದಿದ್ದೆ. ದೊಡ್ಡ ವಿದ್ಯೆಯೇನಲ್ಲ, ಕಂಪ್ಯೂಟರ್ ಮಾಡಬೇಕಾದ ಕೆಲಸಗಳನ್ನು ಸಾಲಾಗಿ ಬರೆದಿಟ್ಟ ಫೈಲ್ ಅಷ್ಟೇ. ಅದು ಮೇಲಿನಿಂದ ಕೆಳಗೆ ಓದುತ್ತಾ ಹೇಳಿದಷ್ಟು ಮಾಡುತ್ತದೆ. ಈ ಮನೆಯಲ್ಲಿ ನನ್ನ ಮಾತು ಕೇಳುವುದು ಅದೊಂದೇ ಅಂದುಕೊಂಡಿದ್ದೆ...

ಫೈಲ್ ಓಡಿಸುವ ಪರ್ಮಿಷನ್ ನೋಡಿದೆ, ಸರಿ ಇತ್ತು. ಟಿವಿ ವೈರ್ ಕಿತ್ತು ಮತ್ತೆ ಹಾಕಿದೆ. ರೀಸ್ಟಾರ್ಟ್ ಮಾಡಿದೆ. ಸಿಪಿಯು ತಲೆ ಮೇಲೆ ಒಂದು ಏಟೂ ಕೊಟ್ಟೆ. ಸ್ಕ್ರಿಪ್ಟ್ ಒಳಗೆ ಮಾತ್ರ ನೋಡಲಿಲ್ಲ. ನಾನು ಬರೆದದ್ದರಲ್ಲಿ ಏನು ತಪ್ಪಿರುತ್ತದೆ ಎಂಬ ಕೊಬ್ಬು.

ಅಷ್ಟರಲ್ಲಿ ಮೈದುನ ಹಳೇ ಕರಿಹಲಗೆ ಒರೆಸಿಕೊಂಡು ಬಂದ. "ವೈನಿ, ತೊಂಬತ್ಮೂರರ ಭೂಕಂಪದಾಗ ಅಂಗಡಿ ಗ್ವಾಡಿ ಬಿತ್ತು, ಈ ಫಳಾ ಬೀಳ್ಲಿಲ್ಲ. ನಿಮ್ ಮಷೀನ್ ಯಾರೂ ಮುಟ್ಟದನೇ ಮಲಗ್ಯದ ನೋಡ್ರಿ."

ಗಾದಿ ಮೇಲಿಂದ ಮಾವನವರ ದನಿ ಬಂತು. "ಕಾಯ್ ಝಾಲಂ, ಸೂನಬಾಯಿ?"

ಏನಾಯಿತು ಸೊಸೆ ಎಂದು ಕೇಳಲು ಅವರು ಮರಾಠಿಗೆ ಇಳಿದರೆಂದರೆ ತಾಳ್ಮೆ ಮುಗಿಯಿತು ಅಂತ ಅರ್ಥ. ಸುಳ್ಳೇಕೆ ಹೇಳಲಿ, ಹೆದರಿಬಿಟ್ಟೆ. ಆ ಕುರ್ಚಿ ನನಗೆ ಬಹಳ ಹಿಡಿಸಿಬಿಟ್ಟಿತ್ತು.

ಟರ್ಮಿನಲ್ ಎಂಬ ಆ ಕಪ್ಪು ವಿಂಡೋವನ್ನು ನಾನೇ ತೆರೆದು ಸ್ಕ್ರಿಪ್ಟ್ ಓಡಿಸಿದೆ. ಮೊದಲ ಸಾಲಿನಲ್ಲೇ ತಪ್ಪಿದೆ ಎಂದಿತು. ಫೈಲ್ ತೆರೆದು ನೋಡುತ್ತೇನೆ... ನನ್ನ ಮೊದಲ ಸಾಲು ಎರಡನೆಯದಾಗಿದೆ. ಅದರ ನೆತ್ತಿ ಮೇಲೆ ಇದು:

|| ಶ್ರೀ ||

"ಮಾಮಾ, ಇದು ನೀವು ಬರ್ದೀರೇನ್ರಿ?"

"ಹೂಂ ಮತ್ತ. ನಿನ್ನಿ ನೀ ಇದನ್ನ ತೋರ್ಸಿ ಚಹಾ ಮಾಡ್ಲಿಕ್ ಹೋದಿ. ನೋಡ್ದೆ, ಮ್ಯಾಲ ಶ್ರೀನೇ ಇಲ್ಲ. ಟೈಪ್ ಮಾಡಿ ಸೇವ್ ಮಾಡಾದು ನೀನೇ ಕಲ್ಸಿದ್ದಿಲ್ಲಾ?"

"ಕಂಪ್ಯೂಟರ್‌ಗ ಶ್ರೀ ತಿಳ್ಯಾದಿಲ್ರಿ. ಅದೂ ಒಂದು ಕೆಲಸ ಅನ್ಕೊಂಡು ಅಲ್ಲೇ ನಿಂತ್ಬಿಡ್ತದ."

"ತಿಳೀದಿದ್ರ ಅದರ ಕರ್ಮ. ಅಂಗಡಿ ಬರವಣಿಗಿ ಶ್ರೀ ಇಲ್ದೆ ಹ್ಯಾಂಗ ಶುರು ಮಾಡಾದು?"

ಕೂಗಾಡಲು ಬಾಯಿ ತೆರೆದವಳು ಸ್ಕ್ರೀನಿನ ಮೇಲಿನ ಆ ಸಾಲನ್ನು ಮತ್ತೊಮ್ಮೆ ಓದಿದೆ.

ಅಂಗಡಿ ಬರವಣಿಗೆ...

ಮಾವನವರು ಸಿಕ್ಕ ಸಿಕ್ಕ ಕಾಗದಕ್ಕೆಲ್ಲ ಶ್ರೀ ಹಾಕುವವರಲ್ಲ. ಮೈದುನ ಗೀಚಿ ತರುವ ಚೀಟಿಗೆ ಇವತ್ತಿಗೂ ಹಾಕಿಲ್ಲ. ನನ್ನದಕ್ಕೆ ಮಾತ್ರ ತಾವಾಗಿಯೇ ಹಾಕಿದ್ದರು. ಸಿಟ್ಟಿನ ಜಾಗದಲ್ಲಿ ಹಾಳು ನಗು ಬಂತು.

"ಕಂಪ್ಯೂಟರ್ ಓದಬಾರ್ದು ಅನ್ನೋ ಗುರ್ತು ಹಾಕಿ ಇದನ್ನ ಎರಡ್ನೇ ಸಾಲಿಗಿ ಇಳಸ್ಲೇನ್ರಿ?" ಎಂದೆ.

"ಯಾಕ, ದೇವ್ರಿಗಿ ಹಿಂದ ಕೂಡಸ್ತಿ?"

ಸರಿ. ಆ ಸಾಲು ತೆಗೆದೆ. ಅವರು ಹುಬ್ಬು ಗಂಟಿಕ್ಕುವುದರೊಳಗೆ ಫೈಲಿನ ಹೆಸರನ್ನೇ ಬದಲಿಸಿ ಶ್ರೀ ಅಂತ ಇಟ್ಟೆ.

"ಈಗ ಮೊದಲ್ನೇ ಸಾಲಿಗಿಂತನೂ ಮ್ಯಾಲ ಅದ ನೋಡ್ರಿ, ಮಾಮಾ."

ಮಾವನವರು ಚಷ್ಮಾ ಏರಿಸಿ ಸ್ಕ್ರೀನಿಗೆ ಮೂಗು ತಾಗುವ ಹಾಗೆ ನೋಡಿದರು. "ಹಾಂ. ಈಗ ಒತ್ತು."

ಒತ್ತಿದೆ. ಸೋಯಾಬೀನ್ ದರ ಬದಲಾಯಿತು. ಮಾವನವರು ಮೈದುನನ ಕಡೆ ತಿರುಗಿ, "ಆ ಫಳಾ ಒಳಗಿಡೋ" ಎಂದರು.

ಈಗ ದಿನಾ ಶ್ರೀ ಮೇಲೆ ಡಬಲ್ ಕ್ಲಿಕ್ ಮಾಡುವುದು ಅವರೇ, ಅದೂ ಕೈ ಮುಗಿದು. ಪಕ್ಕದ ಕುರ್ಚಿಯಲ್ಲಿ ನಾನೇ ಇದ್ದೇನೆ.

ನಿಮ್ಮ ಕೆಲಸ ಕೆಡುವಷ್ಟು ಗೌರವ ನಿಮಗೆ ಯಾರಾದರೂ ಕೊಟ್ಟಿದ್ದಾರಾ?